ಮೊಳೆಗೆ ತೂಗುವ ಗುಳಗಿ

ಯಾವ ವಸ್ತು ಕೈಗೆ ಬಂದರೂ ಇದು ಮೊದಲು ಯಾರ ತಲೆಗೆ ಹೊಳೆದಿರಬೇಕು ಎಂದು ಯೋಚಿಸುವ ಚಟ ನನಗೆ ಚಿಕ್ಕಂದಿನಿಂದ ಇದೆ. ಕಡಕ್ ರೊಟ್ಟಿ ಮುರಿಯುವಾಗ, ಇದನ್ನು ಮೊದಲು ಒಣಗಿಸಿದವಳು ಬೇಕೆಂದೇ ಒಣಗಿಸಿದಳೋ, ಇಲ್ಲ ಯಾರ ಜೊತೆಗೋ ಮಾತಿಗೆ ಕೂತು ಒಲೆಯ ಪಕ್ಕ ಮರೆತಳೋ ಎಂದು ಕೇಳುತ್ತೇನೆ. ಕಂಡಕ್ಟರ್ ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡರೆ, ಅದಕ್ಕೂ ಒಬ್ಬ ಮೊದಲಿಗ ಇದ್ದಿರಬೇಕಲ್ಲ ಅನ್ನಿಸುತ್ತದೆ. ಊಟಕ್ಕೆ ಕೂತಾಗ ಇಂಥದ್ದೇನಾದರೂ ಶುರು ಮಾಡಿದರೆ ನನ್ನ ಯಜಮಾನರು, "ಮೊದಲ ಉಣ್ಣು, ಆಮ್ಯಾಲ ತನಿಖಿ ಮಾಡು" ಅನ್ನುತ್ತಾರೆ. ಊರ ಉಸಾಬರಿ ಹೊತ್ತವಳು ಎಂದು ನನಗೆ ಮನೆಯಲ್ಲೂ ಚರ್ಚಿನಲ್ಲೂ ಹೆಸರಿದೆ. ನಾನೇನೂ ಅಲ್ಲಗಳೆಯುವುದಿಲ್ಲ.

ಈ ಚಟ ಅಂಟಿದ್ದು ನನ್ನ ಅಜ್ಜಿಯಿಂದ. ಅಜ್ಜಿ ಮಿಷನ್ ಕಾಲದ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದಳು. ನಾನು ನರ್ಸಿಂಗ್ ಕಲಿಯುವಾಗ ಹಿರಿಯ ಸಿಸ್ಟರ್ ಒಬ್ಬರು ಹಸುಗೂಸನ್ನು ಬಟ್ಟೆಯಲ್ಲಿ ಸುತ್ತುವ ಒಂದು ಬಗೆ ತೋರಿಸಿದರು. ಬಟ್ಟೆಯ ತುದಿಯನ್ನು ಪಾದದ ಕೆಳಗಿಂದ ತಂದು ಬೆನ್ನ ಹಿಂದೆ ಸಿಕ್ಕಿಸಬೇಕು, ಆಗ ಮಗು ಎಷ್ಟು ಒದ್ದರೂ ಬಿಚ್ಚುವುದಿಲ್ಲ. ಬೀದರಿನ ಚಳಿಗೆ ಅದು ಬೇಕೇ ಬೇಕು. ಯಾರು ಕಲಿಸಿದ್ದು ಎಂದು ಕೇಳಿದರೆ, "ನಮ್ಮಲ್ಲಿ ಹಿಂಗೇ ಮಾಡ್ತಾರ" ಅಂದರು. ಮನೆಗೆ ಬಂದು ಅಜ್ಜಿಗೆ ತೋರಿಸಿದೆ. ಅವಳು ನೋಡಿ, "ಅದು ನಂದೇ ಅಲ್ಲೇನು" ಅಂದು ಅವರೆಕಾಯಿ ಬಿಡಿಸುತ್ತಾ ಕೂತಳು. ಅವಳಿಗೆ ಅದರ ಬಗ್ಗೆ ಹೆಮ್ಮೆಯೂ ಇರಲಿಲ್ಲ, ಬೇಸರವೂ ಇರಲಿಲ್ಲ. ಬೇಸರ ನನಗಾಗಿತ್ತು. ಈಗಲೂ ಬೇರೆ ಬೇರೆ ಆಸ್ಪತ್ರೆಗಳಲ್ಲಿ ಆ ಸುತ್ತು ಕಂಡಾಗ, ಇದು ನಮ್ಮ ಅಜ್ಜಿಯದು ಎಂದು ಹೇಳಿಬಿಡುತ್ತೇನೆ.

ಇಷ್ಟು ಪೀಠಿಕೆ ಯಾಕೆಂದರೆ, ನಾನು ಹೇಳಹೊರಟಿರುವುದು ಗುಳಗಿಬಾಯಿಯ ಕಥೆ.

ನಾನು ಕೆಲಸ ಮಾಡುವುದು ಒಂದು ಟ್ರಸ್ಟಿನ ಔಷಧಿ ವ್ಯಾನಿನಲ್ಲಿ. ಬೀದರಿನಿಂದ ಹೊರಟು ಭಾಲ್ಕಿ ಕಡೆಯ ಹಳ್ಳಿಗಳಿಗೆ ಕೆಲವು ದಿನ, ಔರಾದ ಕಡೆಯ ಹಳ್ಳಿಗಳಿಗೆ ಕೆಲವು ದಿನ ಹೋಗುತ್ತೇವೆ. ವ್ಯಾನಿನಲ್ಲಿ ನಾವು ನಾಲ್ವರು. ಮಾತು ಕಡಿಮೆ, ನಗು ಜಾಸ್ತಿ ಇರುವ ಒಬ್ಬ ಕಿರಿಯ ಡಾಕ್ಟರು. ರಕ್ತದೊತ್ತಡ, ಸಕ್ಕರೆ ನೋಡುವ ನಾನು. ವ್ಯಾನು ಓಡಿಸುವ ಚಾಚಾ. ಮತ್ತೆ ಔಷಧಿ ಕೊಡುವ ಬಾಯಿಯವರು. ಇವರು ಔರಾದದವರು, ಕನ್ನಡ ಮರಾಠಿ ಎರಡೂ ಅವರಿಗೆ ಮನೆಮಾತು. ನಮ್ಮ ಕಡೆ ಮಾತ್ರೆಗೆ ಗುಳಗಿ ಅನ್ನುತ್ತೇವಲ್ಲ, ಹಾಗಾಗಿ ಹಳ್ಳಿಯವರು ಇವರಿಗೆ ಗುಳಗಿಬಾಯಿ ಎಂದೇ ಹೆಸರಿಟ್ಟರು. ನಾವೂ ಹಾಗೇ ಕರೆಯತೊಡಗಿದೆವು.

ಗುಳಗಿಬಾಯಿ ಸಾಧು ಸ್ವಭಾವದವರಲ್ಲ. ಜಗಳಗಂಟಿ. ಚಹಾ ಸರಿಯಿಲ್ಲದಿದ್ದರೆ ಹೋಟೆಲಿನವನನ್ನು ಹೊರಗೆ ಕರೆದು ಬೈಯುತ್ತಾರೆ. ತಾನು ಮಾಡಿದ ಸಣ್ಣ ಕೆಲಸವನ್ನೂ ಹತ್ತು ಜನಕ್ಕೆ ಹೇಳುತ್ತಾರೆ. ಮೊದಮೊದಲು ನನಗೆ ಅವರನ್ನು ಕಂಡರೆ ತಲೆನೋವು ಬರುತ್ತಿತ್ತು. ಒಮ್ಮೆ ಭಾಲ್ಕಿ ಸ್ಟೇಷನ್ನಿನ ಹತ್ತಿರ ರೈಲ್ವೆ ಗೇಟು ಹಾಕಿದ್ದರಿಂದ ವ್ಯಾನು ನಿಂತಾಗ, ಯಾಕೆ ಹೀಗೆ ತಮ್ಮದನ್ನೇ ತಾವು ಹೊಗಳಿಕೊಳ್ಳುತ್ತೀರಿ ಎಂದು ನೇರವಾಗಿ ಕೇಳಿಬಿಟ್ಟೆ. ಅವರು ಸಿಟ್ಟಾಗಲಿಲ್ಲ.

"ನಮ್ಮ ಮಾವನವರದು ಔಷಧಿ ಅಂಗಡಿ ಇತ್ತರಿ," ಅಂದರು. "ಅಂಗಡೀಗ ಓದಿದವರು ಬೇಕಾಗಿದ್ರು ಅಂತ ಮದಿವ್ಯಾದ ಮ್ಯಾಲ ನನ್ನನ್ನ ಓದ್ಸಿದ್ರು. ಒಳಗಿನ ಖೋಲ್ಯಾಗ ಕುಂತು ಎಲ್ಲಾ ನಾನೇ ಮಾಡ್ತಿದ್ದೆ. ಹೊರಗ ಬೋರ್ಡಿನ ಮ್ಯಾಲ ಮೊದಲ ಮಾವನವರ ಹೆಸರು, ಆಮ್ಯಾಲ ನಮ್ಮವರ ಹೆಸರು. ಮಂದಿ ಬಂದು ಅವರ ಕೈಗುಣ ಛಲೋ ಅದ ಅಂತಿದ್ರು. ಒಳಗ ಕೈ ಯಾರ್ದಿತ್ತು ಅಂತ ಯಾರೂ ಕೇಳ್ಲಿಲ್ಲ."

"ಅದಕ್ಕ ಈಗ ಹೇಳ್ಕೋತೀರಿ?"

"ಒಂದ ಸಲ ನನ್ನ ಹೆಸರು ಮೈಕಿನಾಗ ಕೇಳಬೇಕ್ರಿ ಸಿಸ್ಟರ್. ಒಂದೇ ಸಲ. ಆಮ್ಯಾಲ ಬಾಯಿ ಮುಚ್ಚಿ ಕೂಡ್ತೇನಿ."

ರೈಲು ಹೋಯಿತು, ಗೇಟು ತೆರೆಯಿತು. ಆ ದಿನದಿಂದ ನನಗೆ ತಲೆನೋವು ಕಡಿಮೆಯಾಯಿತು. ಅವರು ಬಾಯಿ ಮುಚ್ಚುತ್ತಾರೆಂಬ ನಂಬಿಕೆಯೇನೂ ನನಗಿರಲಿಲ್ಲ.

ಈಗ ದಾರದ ವಿಷಯಕ್ಕೆ ಬರುತ್ತೇನೆ. ವ್ಯಾನಿನಲ್ಲಿ ನಮ್ಮ ದೊಡ್ಡ ಕಷ್ಟವೆಂದರೆ ಗುಳಗಿ ಕೊಡುವುದಲ್ಲ, ಕೊಟ್ಟದ್ದನ್ನು ಹೊತ್ತಿಗೆ ಸರಿಯಾಗಿ ನುಂಗಿಸುವುದು. ಪಾಕೀಟಿನ ಮೇಲೆ ಮುಂಜಾನೆ, ಮಧ್ಯಾಹ್ನ, ರಾತ್ರಿ ಎಂದು ಕನ್ನಡದಲ್ಲಿ ಬರೆದರೆ ಔರಾದ ಕಡೆಯ ಡಾಬಕಾದಲ್ಲಿ ಮರಾಠಿ ಓದುವವರಿಗೆ ತಿಳಿಯದು. ಮರಾಠಿಯಲ್ಲಿ ಬರೆದರೆ ಭಾಲ್ಕಿ ಕಡೆಯ ಖಟಕ ಚಿಂಚೋಳಿಯಲ್ಲಿ ತಕರಾರು. ಇನ್ನು ಕೆಲವರು ಉರ್ದು ಓದುತ್ತಾರೆ, ಅತ್ತ ಗಡಿಯ ಕೆಲವರು ತೆಲುಗು. ನಮ್ಮ ಬಳಿ ಬರುವ ಮುದುಕ ಮುದುಕಿಯರಲ್ಲಿ ಹೆಚ್ಚಿನವರು ಯಾವುದನ್ನೂ ಓದುವುದಿಲ್ಲ. ಹೀಗಾಗಿ ರಾತ್ರಿಯದನ್ನು ಮುಂಜಾನೆ ನುಂಗಿ ಹೊಲದಲ್ಲಿ ತೂಕಡಿಸುವವರು, ಮೂರನ್ನೂ ಒಟ್ಟಿಗೆ ನುಂಗಿ "ಒಂದೇ ಸಲ ಮುಗೀತು" ಅನ್ನುವವರು ಎಲ್ಲ ಇದ್ದರು.

ಒಂದು ದಿನ ಗುಳಗಿಬಾಯಿ ಮನೆಯಿಂದ ಕೌದಿ ಹೊಲಿದು ಉಳಿದ ದಾರದ ಉಂಡೆಗಳನ್ನು ತಂದರು. ಪಾಕೀಟಿನ ಬಾಯಿಗೆ ಮುಂಜಾನೆಯದಕ್ಕೆ ಹಳದಿ, ಮಧ್ಯಾಹ್ನದ್ದಕ್ಕೆ ಕೆಂಪು, ರಾತ್ರಿಯದಕ್ಕೆ ಕರಿ ದಾರ ಕಟ್ಟಿ ಕೊಡತೊಡಗಿದರು. ಕತ್ತಲೆ ಕರಿ, ಬೆಳಕು ಹಳದಿ, ಬಿಸಿಲು ಕೆಂಪು. ಅದಕ್ಕಿಂತ ಸುಲಭ ಏನಿದೆ? ಡಾಕ್ಟರಿಗೂ ಹಿಡಿಸಿತು. ಗುಳಗಿಬಾಯಿ ಆ ವಾರವೆಲ್ಲ ಮಾತಿನಲ್ಲಿ ಮುಗಿಲು ಮುಟ್ಟಿದ್ದರು.

ಆಮೇಲೆ ಡಾಬಕಾದ ಆಯಿ ಬಂದಳು. ಎಲ್ಲರೂ ಆಕೆಯನ್ನು ಆಯಿ, ಅಂದರೆ ಅವ್ವ, ಎಂದೇ ಕರೆಯುತ್ತಾರೆ. ಸಣ್ಣ ಮೈ, ಚುರುಕು ಕಣ್ಣು. ತುಂಬ ವಯಸ್ಸಾಗಿದ್ದರೂ ಮಾತಿನಲ್ಲಿ ಇನ್ನೂ ಹುಡುಗಿ. ಆಕೆಗೆ ರಕ್ತದೊತ್ತಡ. ಎಷ್ಟು ಗುಳಗಿ ಕೊಟ್ಟರೂ ಇಳಿಯುತ್ತಿರಲಿಲ್ಲ. ಡಾಕ್ಟರು ತಲೆ ಕೆರೆದುಕೊಂಡು, ಗುಳಗಿಯನ್ನೇ ಬದಲಿಸೋಣವೇ ಎಂದು ಯೋಚಿಸುತ್ತಿದ್ದರು. ನಾನು ಒತ್ತಡ ನೋಡುವ ಪಟ್ಟಿ ಸುತ್ತಲು ಬಲಗೈ ಕೇಳಿದರೆ ಆಯಿ ಯಾವಾಗಲೂ ಎಡಗೈ ಕೊಡುತ್ತಿದ್ದಳು. ಅಂದು ನಾನು ಬಿಡಲಿಲ್ಲ, ಬಲಗೈಯ ಕುಪ್ಪಸದ ತೋಳು ಮೇಲೆ ಸರಿಸಿದೆ. ಅಲ್ಲಿ ಕರಿ ದಾರ, ದಾರದಲ್ಲಿ ನಮ್ಮದೇ ಪಾಕೀಟು, ಮಡಚಿ ಹೊಲಿದು ತಾಯತದ ಹಾಗೆ ಕಟ್ಟಿತ್ತು. ಒಳಗೆ ಗುಳಗಿಗಳು ಹಾಗೇ ಇದ್ದವು.

"ಆಯಿ, ಇದೇನ್ರಿ?"

"ಗುಳಗಿಬಾಯಿ ಕೊಟ್ಟದ್ದು ತಾಯಿ. ಹಳದಿ ಮುಂಜಾನಿ ನುಂಗತೇನಿ. ಕೆಂಪು ಮಧ್ಯಾಹ್ನ ನುಂಗತೇನಿ. ಕರಿ ದಾರ ನುಂಗಾಕ ಕೊಡ್ತಾರೇನು ಯಾರಾದ್ರೂ? ಕರಿ ದಾರ ಕಟ್ಟಾಕ."

ಡಾಕ್ಟರು ನಕ್ಕರು, ನಗು ತಡೆಯಲಾರದೆ ವ್ಯಾನಿನ ಹಿಂದೆ ಹೋದರು. ನನಗೂ ನಗು ಬಂತು, ಆದರೆ ಯೋಚಿಸಿದಷ್ಟೂ ಆಯಿಯ ಮಾತು ಸರಿ ಅನ್ನಿಸಿತು. ನಮ್ಮ ಕಡೆ ಗುಡಿಗೆ ಹೋಗಲಿ, ದರ್ಗಾಕ್ಕೆ ಹೋಗಲಿ, ಕರಿ ದಾರ ಕೊಟ್ಟರೆ ಅದು ಕಟ್ಟಿಕೊಳ್ಳಲಿಕ್ಕೇ. ನಮ್ಮ ಚರ್ಚಿನ ಹೆಣ್ಣುಮಕ್ಕಳೂ ಕೂಸಿನ ಕಾಲಿಗೆ ಗುಟ್ಟಾಗಿ ಕರಿ ದಾರ ಕಟ್ಟಿ, ಪಾಸ್ಟರು ಬಂದರೆ ಕಾಲುಚೀಲ ಹಾಕುತ್ತಾರೆ.

ಗುಳಗಿಬಾಯಿಗೆ ಮಾತ್ರ ಅವಮಾನವಾಯಿತು. "ನಾ ಬಡಕೊಂಡು ಹೇಳೇನಿ, ರಾತ್ರಿ ನುಂಗು ಅಂತ ಹೇಳೇನಿ," ಎಂದು ಆಯಿಯ ಮೇಲೆ ಹರಿಹಾಯ್ದರು.

"ರಾತ್ರಿ ಅಂದ್ರ ಯಾವಾಗ?" ಅಂದಳು ಆಯಿ. ಆಕೆ ಜಗಳಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದು. "ಬ್ಯಾಸಗ್ಯಾಗ ಒಂದು ರಾತ್ರಿ, ಥಂಡ್ಯಾಗ ಒಂದು ರಾತ್ರಿ. ನಮ್ಮ ಮನ್ಯಾಗ ಮೊಮ್ಮಗನ ರಾತ್ರಿ ಬ್ಯಾರೆ, ನನ್ನ ರಾತ್ರಿ ಬ್ಯಾರೆ. ಹೊತ್ತು ಯಾಕ ಹೇಳ್ತಿ? ಜಾಗಾ ಹೇಳು. ನಾ ಮಲಗೂ ಹೊರಸಿನ ಹಂತೇಕ ಮೊಳಿ ಅದ. ಅಲ್ಲಿ ತೂಗ್ಹಾಕು ಅನ್ನು. ಕೈ ತಾಗತದ, ನುಂಗತೇನಿ. ನಮ್ಮವ್ವ ಹಂಗೇ ಮಾಡತಿದ್ಲು."

ಗುಳಗಿಬಾಯಿ ಬೈಯುವುದನ್ನು ನಿಲ್ಲಿಸಿದರು. ಅವರು ಯೋಚಿಸುವಾಗ ಕೆಳದುಟಿ ಕಚ್ಚುತ್ತಾರೆ. ಹಾಗೇ ಕಚ್ಚಿಕೊಂಡು, ಕರಿ ದಾರದ ಉಂಡೆಯನ್ನು ಚೀಲದ ತಳಕ್ಕೆ ತುರುಕಿ, ಬಿಳಿ ದಾರ ತೆಗೆದು ಪಾಕೀಟಿಗೆ ಉದ್ದನೆಯ ಕುಣಿಕೆ ಹಾಕಿದರು. "ಮೊದಲ ಚಹಾ ಎಲ್ಲಿ ಕುಡೀತಿ ಆಯಿ?" ಎಂದು ಕೇಳಿದರು.

ಅಲ್ಲಿಂದ ಶುರುವಾಯಿತು ನೋಡಿ. ಮುಂದಿನ ಹಳ್ಳಿಗಳಲ್ಲಿ ಗುಳಗಿಬಾಯಿ ಯಾರಿಗೂ ಹೊತ್ತು ಹೇಳಲಿಲ್ಲ. ಮೊದಲ ಚಹಾ ಎಲ್ಲಿ, ರೊಟ್ಟಿ ಎಲ್ಲಿ ಉಣ್ಣುತ್ತೀರಿ, ಎಲ್ಲಿ ಮಲಗುತ್ತೀರಿ ಎಂದು ಕೇಳತೊಡಗಿದರು. ಜನರಿಗೆ ಈ ಪ್ರಶ್ನೆ ಭಾರೀ ಸೇರಿತು. ತಮ್ಮ ಮನೆ ಒಳಗೆ ಹೇಗಿದೆ ಎಂದು ಅವರನ್ನು ಯಾರು ಕೇಳಿದ್ದರು? ಖಟಕ ಚಿಂಚೋಳಿಯ ಒಬ್ಬ ಅಜ್ಜ ಮುಂಜಾನೆ ಎದ್ದವನೇ ಎಮ್ಮೆ ಹಿಂಡುತ್ತಾನೆ, ಅವನ ಮುಂಜಾನೆಯ ಗುಳಗಿ ದನದ ಕೊಟ್ಟಿಗೆಯ ಕಂಬಕ್ಕೆ ತೂಗಿತು. ಇನ್ನೊಬ್ಬಳದು ಧಾರಾವಾಹಿ ನೋಡುವ ಟಿವಿಯ ಪಕ್ಕದ ಮೊಳೆಗೆ. ಮತ್ತೊಬ್ಬ ತನಗೆ ಮಲಗುವ ಜಾಗವೇ ಖಾತ್ರಿಯಿಲ್ಲ, ಸೊಸೆ ಎಲ್ಲಿ ಚಾಪೆ ಹಾಸಿದರೆ ಅಲ್ಲಿ ಎಂದು ಹೇಳಿದ. ಅವನ ಪಾಕೀಟು ಚಾಪೆಗೇ ಕಟ್ಟಿಸಿಕೊಂಡಿತು. ಅವನ ಉತ್ತರ ಕೇಳಿ ನಾನು ಆ ಸೊಸೆಯನ್ನೂ ಮಾತಾಡಿಸಿ ಬಂದೆ. ಅದು ಬೇರೆ ಕಥೆ.

ಒಂದು ತೊಡಕು ಬಂತು. ಹೊರಸಿನ ಕಾಲಿಗೆ ಕಟ್ಟಿದ್ದ ಒಂದು ಪಾಕೀಟನ್ನು ಆಡು ತಿಂದುಬಿಟ್ಟಿತು. ಆಡಿಗೆ ಏನೂ ಆಗಲಿಲ್ಲ, ಅದು ಇನ್ನಷ್ಟು ಶಾಂತವಾಯಿತು ಎಂದು ಮನೆಯವರು ಹೇಳಿದರು. ಇದನ್ನು ಕೇಳಿ ಚಾಚಾ ವ್ಯಾನಿನ ಸೀಟಿನ ಕೆಳಗಿಂದ ಬೈಂಡಿಂಗ್ ತಂತಿ ತೆಗೆದು, ಪಕ್ಕಡದಿಂದ ಬಗ್ಗಿಸಿ ಕೊಂಡಿ ಮಾಡಿದರು. ಒಂದು ಕಡೆ ಮೊಳೆಗೆ ಸಿಗುತ್ತದೆ, ಇನ್ನೊಂದು ಕಡೆ ಪಾಕೀಟು ಹಿಡಿಯುತ್ತದೆ. ಎಷ್ಟು ಎತ್ತರಕ್ಕೂ ಹಾಕಬಹುದು, ಮುದುಕರ ಕೈಗೆ ಎಟುಕುವಷ್ಟು, ಆಡಿನ ಬಾಯಿಗೆ ಎಟುಕದಷ್ಟು. ಮಳೆಗಾಲ ಮುಗಿಯುವ ಹೊತ್ತಿಗೆ ಆಯಿಯ ಒತ್ತಡ ಇಳಿದಿತ್ತು. ನಾನು ಬಲಗೈ ಕೇಳಿದರೆ ಬಲಗೈಯನ್ನೇ ಕೊಡುತ್ತಿದ್ದಳು.

ಸುದ್ದಿ ಬೀದರಿನ ಕಚೇರಿಗೆ ತಲುಪಿತು. ಕಚೇರಿಯಲ್ಲಿ ಹೊಸದಾಗಿ ಬಂದ ಮೇಡಂ ಒಬ್ಬರಿದ್ದರು. ಮೈಸೂರು ಕಡೆಯವರು, ಒಳ್ಳೆಯ ಹೆಣ್ಣುಮಗಳು. ಒಂದು ದಿನ ನಮ್ಮ ಜೊತೆ ವ್ಯಾನಿನಲ್ಲೇ ಬಂದು, ಮನೆಮನೆಗೆ ಹೋಗಿ ಮೊಳೆಗಳನ್ನು ನೋಡಿದರು. ನೋಡಿ ಖುಷಿಯಾದರು. ಇದನ್ನು ಟ್ರಸ್ಟಿನ ಎಲ್ಲ ವ್ಯಾನುಗಳಲ್ಲೂ ಮಾಡಿಸುತ್ತೇವೆ, ವರ್ಷದ ಸಭೆಯಲ್ಲಿ ಎಲ್ಲರ ಮುಂದೆ ಹೇಳುತ್ತೇವೆ ಅಂದರು.

"ಹೆಂಗ ಹೇಳ್ತೀರಿ ಮೇಡಂ?" ಗುಳಗಿಬಾಯಿ ಕೇಳಿದರು.

"ನಮ್ಮ ಬೀದರ್ ತಂಡದ ಹೊಸ ಪ್ರಯೋಗ ಅಂತ."

ಗುಳಗಿಬಾಯಿ ನನ್ನ ಕಡೆ ನೋಡಿದರು, ಆಮೇಲೆ ಮೇಡಂ ಕಡೆ. "ತಂಡ ಅಂದ್ರ ಯಾರ್ರಿ?"

"ಎಲ್ಲರೂ."

"ಎಲ್ಲಾರೂ ಅಂದ್ರ ಯಾರೂ ಅಲ್ಲ ಅಂದಂಗ," ಅಂದರು ಗುಳಗಿಬಾಯಿ. "ನಮ್ಮ ಅಂಗಡ್ಯಾಗೂ ಹಂಗೇ ಅಂತಿದ್ರು. ಎಲ್ಲಾ ನಮ್ಮದೇ ಅಲ್ಲೇನು ಅಂತ."

ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. ಒಂದು ಕ್ಷಣ ಯೋಚಿಸಿ ನನಗೆ ಹೇಳಿದರು: "ಸಿಸ್ಟರ್, ಹಾಗಾದರೆ ಯಾರು ಯಾವುದನ್ನು ಮಾಡಿದರು ಅಂತ ನೀವೇ ಎಲ್ಲರನ್ನೂ ಕೇಳಿಕೊಂಡು ಬನ್ನಿ. ಸಭೆಯಲ್ಲಿ ನೀವೇ ಮಾತಾಡಿ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಇಷ್ಟು ವರ್ಷ ಯಾರೂ ಕೇಳದೆ ಮಾಡುತ್ತಿದ್ದ ತನಿಖೆಯನ್ನು ಈಗ ಕಚೇರಿಯವರೇ ಮಾಡು ಅಂದಿದ್ದರು. ನಾನು ಸೆರಗು ಸಿಕ್ಕಿಸಿ ನಿಂತೆ.

ಮೊದಲು ಡಾಕ್ಟರನ್ನು ಕೇಳಿದೆ. "ನಾನು ನಕ್ಕಿದ್ದಷ್ಟೇ ಸಿಸ್ಟರ್, ಅದನ್ನು ಬೇಕಾದರೆ ಹೇಳಿ," ಅಂದರು. ಭಾಲ್ಕಿಯ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಚಾಚಾನನ್ನು ಕೇಳಿದೆ. ಅವರು ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತಾ, "ಕೊಂಡಿ ನಂದೇ, ಇಲ್ಲನ್ನೂದಿಲ್ಲ. ಖರೇ ಹೇಳ್ಬೇಕಂದ್ರ ಆಡಿನ ಹೆಸರೂ ಹೇಳಬೇಕ್ರಿ ಸಿಸ್ಟರ್. ಅದು ತಿನ್ನಲಿಲ್ಲಂದ್ರ ನನಗ ಅಕಲ್ ಎಲ್ಲಿಂದ ಬರ್ತಿತ್ತು?" ಅಂದರು. ಕೊಂಡಿ ಹೇಗೆ ಹೊಳೆಯಿತು ಎಂದು ಕೆದಕಿದೆ. ಅವರ ತಂದೆ ಕುದುರೆ ಟಾಂಗಾ ಓಡಿಸುತ್ತಿದ್ದರಂತೆ, ಮೇವಿನ ಚೀಲವನ್ನು ಅಂಥದ್ದೇ ಕೊಂಡಿಗೆ ತೂಗುತ್ತಿದ್ದರಂತೆ. ನೋಡಿ, ಎಳೆದಷ್ಟೂ ದಾರ ಉದ್ದವಾಗುತ್ತದೆ. ಒಬ್ಬರ ಹಿಂದೆ ಒಬ್ಬರು ನಿಂತಿರುತ್ತಾರೆ, ಹಿಂದಿನವರ ಮುಖ ಕಾಣುವುದಿಲ್ಲ. ನನಗೆ ಆ ಟಾಂಗಾದವನ ಮುಖ ನೋಡಬೇಕೆಂದು ಬಹಳ ಅನ್ನಿಸಿತು.

ಕೊನೆಗೆ ಗುಳಗಿಬಾಯಿಯನ್ನು ಕೇಳಿದೆ.

"ನಂದೇ," ಅಂದರು.

"ಎಲ್ಲಾನೂ?"

"ದಾರ ಯಾರು ತಂದ್ರು? ನಾ ತಂದೆ. ಕುಣಿಕಿ ಯಾರು ಹಾಕಿದ್ರು? ನಾ ಹಾಕಿದೆ. ಮನಿಮನಿ ಜಾಗಾ ಯಾರು ಕೇಳಿದ್ರು?"

"ಜಾಗಾ ಹೇಳು ಅಂದದ್ದು ಆಯಿ ಅಲ್ಲೇನ್ರಿ?"

"ಆಕಿ ಒಂದು ಮಾತು ಅಂದ್ಲು. ಮಾತು ಎಲ್ಲಾರೂ ಅಂತಾರ," ಎಂದು ಮುಖ ತಿರುಗಿಸಿದರು. ಅದೂ ಸುಳ್ಳಲ್ಲ. ಆಯಿ ಅಂದ ಮಾತು ಗುಳಗಿಬಾಯಿಯ ಕಿವಿಗಲ್ಲದೆ ಬೇರೆ ಯಾರ ಕಿವಿಗೆ ಬಿದ್ದಿದ್ದರೂ ಅಲ್ಲೇ ಸಾಯುತ್ತಿತ್ತು. ನನ್ನ ಕಿವಿಗೂ ಬಿದ್ದಿತ್ತಲ್ಲ, ನಾನೇನು ಮಾಡಿದೆ? ಪಟ್ಟಿ ಬಿಚ್ಚಿ ಮುಂದಿನವರನ್ನು ಕರೆದೆ.

ಸಭೆಯ ದಿನ ಗುಳಗಿಬಾಯಿ ಇಳಕಲ್ ಸೀರೆ ಉಟ್ಟು ಬಂದಿದ್ದರು. ತಲೆಗೆ ಅಬ್ಬಲಿಗೆ ದಂಡೆ. ಬೀದರಿನ ಆ ಸಭಾಂಗಣದಲ್ಲಿ ಎಲ್ಲ ವ್ಯಾನುಗಳ ಮಂದಿ ಸೇರಿದ್ದರು. ಗುಳಗಿಬಾಯಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಕರವಸ್ತ್ರವನ್ನು ಮಡಚುವುದು ಬಿಚ್ಚುವುದು ಮಾಡುತ್ತಿದ್ದರು. ಮೇಡಂ ಮೈಕಿನ ಮುಂದೆ ನಿಂತು, ಮೊದಲು ದಾರ ಕಟ್ಟಿದವರು ಇವರು ಎಂದು ಅವರ ಹೆಸರು ಹೇಳಿದರು. ಗಂಡನ ಹೆಸರು, ಅಡ್ಡಹೆಸರು ಸಮೇತ, ಕಚೇರಿಯ ದಾಖಲೆಯಲ್ಲಿರುವ ಹಾಗೆ. ಚಪ್ಪಾಳೆ ಬಿತ್ತು. ಗುಳಗಿಬಾಯಿ ಏಳಲಿಲ್ಲ. ಎಲ್ಲರ ಹಾಗೆ ತಾವೂ ವೇದಿಕೆಯ ಕಡೆ ನೋಡುತ್ತಾ, ಯಾರು ಎದ್ದು ಬರುತ್ತಾರೋ ಎಂದು ಕಾಯುತ್ತಾ ಕೂತಿದ್ದರು. ನಾನು ಮೊಣಕೈಯಿಂದ ತಿವಿದೆ. ಆಗ ಗಾಬರಿಯಾಗಿ ಎದ್ದರು.

ಆಮೇಲೆ ನಾನು ಮಾತಾಡಿದೆ. ದಾರ ಗುಳಗಿಬಾಯಿಯದು, ಕೊಂಡಿ ಚಾಚಾನದು ಎಂದೆ. ಆಡಿನ ಉಪಕಾರವನ್ನೂ ನೆನೆದೆ, ಜನ ನಕ್ಕರು. ಹೊತ್ತು ಬಿಟ್ಟು ಜಾಗ ಕೇಳು ಎಂದದ್ದು ಡಾಬಕಾದ ಆಯಿ ಎಂದು, ಆಕೆಯ ಚೀಟಿಯಲ್ಲಿದ್ದ ಹೆಸರು ನೋಡಿಕೊಂಡು ಪೂರ್ತಿ ಹೇಳಿದೆ. ಅದಕ್ಕೂ ಚಪ್ಪಾಳೆ ಬಿತ್ತು. ಅಜ್ಜಿಯ ಸುತ್ತು ನೆನಪಾಯಿತು. ಇಷ್ಟು ಮಾಡಿದೆನಲ್ಲ ಎಂದು ನನಗೆ ನಾನೇ ಮೆಚ್ಚಿಕೊಂಡು ಕೂತೆ.

ಮರುವಾರ ಔರಾದ ಕಡೆ ಹೊರಟಾಗ ಗುಳಗಿಬಾಯಿ ನನ್ನ ಜೊತೆ ಮಾತು ಬಿಟ್ಟಿದ್ದರು. ಸಂತಪುರ ದಾಟಿದೆವು. ಹೊಲಗಳಲ್ಲಿ ತೊಗರಿ ಹೂ ಬಿಟ್ಟಿತ್ತು, ಅದನ್ನೇ ನೋಡುತ್ತಿದ್ದರು.

"ಮೂರು ಪಾಲು ಮಾಡಿದ್ರಿ," ಅಂದರು ಕೊನೆಗೆ.

"ಮೊದಲ ಪಾಲು ನಿಮಗೇ ಕೊಟ್ಟೇನಲ್ರಿ."

ಅವರು ಸ್ವಲ್ಪ ದೂರ ಹೋದ ಮೇಲೆ ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು: "ಪಾಲಿಂದಲ್ರಿ ಸಿಸ್ಟರ್. ಸುಮ್ಮನ ನಿಮ್ಮ ಮ್ಯಾಲ ಹಾಕ್ತೇನಿ. ಇಷ್ಟು ವರ್ಷ ಕಾದೆ. ಮೈಕಿನಾಗ ಹೆಸರು ಕರದ್ರು. ಕರದಾಗ ಯಾರೋ ಬ್ಯಾರೇದವರನ್ನ ಕರದಂಗ ಆತು. ಯಾಕಿರಬೇಕ್ರಿ?"

ಗಾಬರಿಗೆ ಹಾಗಾಗುತ್ತದೆ ಎಂದೆ. ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು. ಡಾಬಕಾ ಬರುವ ತನಕ ಅದೇ ಪ್ರಶ್ನೆ ತಲೆಯಲ್ಲಿ ಓಡುತ್ತಿತ್ತು.

ಆಯಿ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಹೆಸರುಕಾಳು ಕೇರುತ್ತಿದ್ದಳು. ಸಿಹಿ ಸುದ್ದಿ ಮೊದಲು ನಾನೇ ಹೇಳಬೇಕೆಂದು ಓಡಿದೆ. ಬೀದರಿನಲ್ಲಿ ದೊಡ್ಡ ಸಭೆಯಲ್ಲಿ ನಿಮ್ಮ ಹೆಸರು ಹೇಳಿದೆ, ಜನ ಚಪ್ಪಾಳೆ ಹೊಡೆದರು ಎಂದೆ.

ಆಯಿ ಮೊರ ಕೆಳಗಿಟ್ಟಳು. "ಯಾವ ಹೆಸರು ಹೇಳ್ದಿ?"

ಚೀಟಿಯಲ್ಲಿದ್ದ ಹೆಸರು ಹೇಳಿದೆ.

"ಅದು ಇಲ್ಲೀದು," ಅಂದಳು ಆಯಿ. "ಅತ್ತಿ ಮನೀದು. ಅಕ್ಕಿ ತಾಟಿನಾಗ ಬರದದ್ದು. ಮೊಳಿಗಿ ತೂಗ್ಹಾಕೂದು ನಮ್ಮವ್ವ ನನಗ ಕಲಿಸಿದಾಗ ಆ ಹೆಸರು ಎಲ್ಲಿತ್ತು? ಆವಾಗ ನಾ ಬ್ಯಾರೇನೇ ಇದ್ದೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮಲ್ಲಿ ದೀಕ್ಷಾಸ್ನಾನದ ದಿನ ಇಟ್ಟ ಹೆಸರೇ ಸಮಾಧಿಯ ಕಲ್ಲಿನ ತನಕ ಬರುತ್ತದೆ, ಮದುವೆಯಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ. ಆಯಿಯ ಮಂದಿಯಲ್ಲೂ ಗುಳಗಿಬಾಯಿಯ ಮಂದಿಯಲ್ಲೂ ಹಾಗಲ್ಲ. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡುತ್ತಾರೆ, ಗಂಡ ಉಂಗುರದಿಂದ ಆ ಅಕ್ಕಿಯಲ್ಲಿ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ಹುಡುಗಿಯ ಹೆಸರು ಅದೇ. ಹಳೆಯದು ತವರಿನವರ ಬಾಯಲ್ಲಿ ಉಳಿಯುತ್ತದೆ, ಅವರು ಇರುವಷ್ಟು ದಿನ. ಇದನ್ನು ನಾನು ಮದುವೆಗಳಲ್ಲಿ ನೋಡಿದ್ದೆ, ಚೆಂದದ ಶಾಸ್ತ್ರ ಎಂದು ಫೋಟೋ ಕೂಡ ತೆಗೆದಿದ್ದೆ.

ತಿರುಗಿ ನೋಡಿದರೆ ಗುಳಗಿಬಾಯಿ ನನ್ನ ಹಿಂದೆ ನಿಂತಿದ್ದರು. ಯಾವಾಗ ಬಂದರೋ. ಕೈಯಲ್ಲಿ ಬಿಳಿ ದಾರದ ಉಂಡೆ, ಕೆಳದುಟಿ ಹಲ್ಲಿನ ನಡುವೆ. ನಿಧಾನಕ್ಕೆ ಬಂದು ಕಟ್ಟೆಯ ಮೇಲೆ ಆಯಿಯ ಪಕ್ಕ ಕೂತರು. ಆಯಿಯ ಜೊತೆ ಯಾವತ್ತೂ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಆಯಿ, ಮೊದಲಿನ ಹೆಸರೇನು ನಿಂದು?"

ಆಯಿ ಅತ್ತಿತ್ತ ನೋಡಿ ಹೇಳಿದಳು. ಹೇಳಿ ನಾಚಿಕೊಂಡಳು. ಕರೆಯುವವರು ಎಲ್ಲ ಹೋಗಿ ಎಷ್ಟೋ ವರ್ಷವಾಯಿತು, ಬಾಯಲ್ಲಿ ತಿರುಗುತ್ತದೋ ಇಲ್ಲವೋ ಅಂದುಕೊಂಡಿದ್ದೆ ಎಂದು ನಕ್ಕಳು. ಗುಳಗಿಬಾಯಿ ಆ ಹೆಸರನ್ನು ಒಮ್ಮೆ ಗಟ್ಟಿಯಾಗಿ ಅಂದರು. ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಿಂದೇನು?" ಎಂದು ಕೇಳಿದಳು ಆಯಿ.

ಗುಳಗಿಬಾಯಿ ಎದ್ದು ಹೊರಸಿನ ಪಕ್ಕದ ಮೊಳೆಗೆ ಹೊಸ ಪಾಕೀಟು ತೂಗಿಸಿ ಬಂದರು, ಹಳೆಯ ದಾರ ಸುತ್ತಿಟ್ಟುಕೊಂಡರು, ಚಪ್ಪಲಿ ಮೆಟ್ಟಿದರು. ಆಮೇಲೆ ಬಗ್ಗಿ ಆಯಿಯ ಕಿವಿಯ ಹತ್ತಿರ ಏನೋ ಹೇಳಿ ನೇರ ವ್ಯಾನಿನ ಕಡೆ ನಡೆದರು. ಆ ಎರಡು ಹೆಸರುಗಳಲ್ಲಿ ನನಗೆ ಕೇಳಿಸಿದ್ದು ಆಯಿಯದೊಂದೇ, ಅದನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಅವು ಅವರಿಬ್ಬರು ಕೊಟ್ಟು ತೆಗೆದುಕೊಂಡದ್ದು, ನಾನು ಪಕ್ಕದಲ್ಲಿ ನಿಂತಿದ್ದೆ ಅಷ್ಟೇ.

ನಮ್ಮ ಕೆಲಸ ಮುಗಿಯಿತು. ಚಾಚಾ ವ್ಯಾನು ಚಾಲೂ ಮಾಡಿದರು. ಡಾಕ್ಟರು ಹತ್ತಿದರು, ನಾನು ಹತ್ತಿದೆ. ಗುಳಗಿಬಾಯಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದರು. ಎಂಜಿನ್ನಿನ ಸದ್ದು, ಔಷಧಿ ಪೆಟ್ಟಿಗೆಗಳ ಕಟಕಟ, ಚಾಚಾ ಯಾರಿಗೋ ದಾರಿ ಬಿಡು ಎಂದು ಕೂಗುತ್ತಿದ್ದರು. ಅದರ ನಡುವೆ ಆಯಿ ಕಟ್ಟೆಯ ಮೇಲಿಂದ ಒಂದು ಹೆಸರು ಕರೆದಳು. ಕೂಗಲಿಲ್ಲ, ಬರೀ ಕರೆದಳು, ಅಂಗಳದಲ್ಲಿ ಆಡುವ ಮಗಳನ್ನು ಒಳಗೆ ಕರೆಯುವ ಹಾಗೆ. ನನಗೆ ಸರಿ ಕೇಳಿಸಲೂ ಇಲ್ಲ.

ಗುಳಗಿಬಾಯಿ ತಟ್ಟನೆ ತಿರುಗಿ, "ಓ," ಅಂದರು.